ಮರಳಿಲ್ಲದ ಸ್ಟೇಷನ್ನು

ಇತ್ತ ಬಾ ತಂಗೀ, ಬಾಗಿಲು ಮುಂದೆ ಮಾಡು. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡ, ನನ್ನಾಣೆ.

ನಮ್ಮ ಕಡಲತಡಿಯ ರೈಲ್ವೆ ಸ್ಟೇಷನ್ನು ಎಷ್ಟು ಚೊಕ್ಕ ಇದೆ ಅಂತ ನೋಡಿ ಮಾರ್ಕು ಹಾಕಲು ಬೆಳಿಗ್ಗೆ ಒಬ್ಬ ದೊಡ್ಡ ಸಾಹೇಬ ಬಂದ. ಪ್ಲಾಟ್‌ಫಾರ್ಮಿನ ಮೇಲೆ ಬೆರಳಾಡಿಸಿ, ಗುಡಿಸುವ ಬೀರಮ್ಮನಿಗೆ ಗದರಿದ: "ಸಂಜೆ ನಾನು ರೈಲು ಹತ್ತುವಾಗ ಒಂದು ಕಾಳು ಮರಳು ಕಂಡರೂ ನಿನ್ನ ಕೆಲಸ ಹೋಯ್ತು!" ಹಾಗಂದವನೇ ಸಮುದ್ರಸ್ನಾನಕ್ಕೆ ಹೋದ.

ಬೀರಮ್ಮ ಗುಡಿಸಿದಳು. ಪ್ರವಾಸಿಗರು ಬೀಚಿನಿಂದ ಮರಳು ಮೆತ್ತಿದ ಕಾಲಲ್ಲೇ ಬಂದರು. ಮತ್ತೆ ಗುಡಿಸಿದಳು, ಮತ್ತೆ ಬಂದರು. ಮಧ್ಯಾಹ್ನಕ್ಕೆ ಅವಳಿಗೆ ಸಾಕೋ ಸಾಕಾಯ್ತು. "ಇದೇನು ಸ್ಟೇಷನ್ನೋ, ಸಮುದ್ರದ ಹಿತ್ತಿಲೋ!" ಅಂತ ಬೈಯುತ್ತ ಗೇಟಿನಲ್ಲಿ ಒಂದು ಹಂಡೆ ನೀರು, ಒಂದು ಚೊಂಬು ಇಟ್ಟಳು. ನಮ್ಮಲ್ಲಿ ಕಾಲು ತೊಳೆಯದೆ ಯಾರು ಮನೆಯೊಳಗೆ ಬರುತ್ತಾರೆ? ಇಲ್ಲೂ ಅದೇ ಪದ್ಧತಿ ಅಂದಳು. ಎಲ್ಲರೂ ತೊಳೆದರು.

ಸಂಜೆ ರೈಲು ಬಂದು ನಿಂತಾಗ ಸಾಹೇಬ ಓಡಿಬಂದ. ಪ್ಯಾಂಟು ಮೊಣಕಾಲಿಗೆ, ಬೂಟು ಕೈಯಲ್ಲಿ, ಮೈತುಂಬ ಮರಳು. ಬೀರಮ್ಮ ಪೊರಕೆ ಅಡ್ಡ ಹಿಡಿದಳು.

"ಕಾಲು, ಒಡೆಯಾ."

"ನಾನು ಯಾರು ಗೊತ್ತೇನೇ?"

"ಗೊತ್ತಿದ್ದಕ್ಕೇ ಹೇಳಿದೆ. ನಿಮ್ಮ ಮರಳು ಒಳಗೆ ಬಿದ್ದರೆ ನನ್ನ ಕೆಲಸ ತೆಗೀಬೇಕಾದವರು ನೀವೇ. ತೆಗೀತೀರೋ, ತೊಳೀತೀರೋ?"

ರೈಲು ಕೂಗಿತು. ಸಾಹೇಬ ಒಂಟಿಕಾಲಲ್ಲಿ ಕುಣಿಯುತ್ತ ತೊಳೆದ. ಜೇಬು ಕೊಡವಿದರೆ ಅಲ್ಲೂ ಒಂದು ಹಿಡಿ ಮರಳು! ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಪೊರಕೆ ಮಾತ್ರ ಇನ್ನೂ ಅಡ್ಡವೇ ಇತ್ತು.

"ಸ್ಟೇಷನ್ ಚೊಕ್ಕ ಇದೆ ಅಂತ ಬರೀತೇನೆ, ಬಿಡು ಮಾರಾಯ್ತಿ!"

"ಅಲ್ಲೇ ನಿಂತು ಬರೀರಿ."

ಬರೆದ. ಆಮೇಲೇ ಪೊರಕೆ ಇಳಿಯಿತು.

ಬೀರಮ್ಮ ಬೀಗುತ್ತ ಮನೆಗೆ ಬಂದರೆ ಪಕ್ಕದ ಮನೆ ಸಾತಕ್ಕ ಮುಖಕ್ಕೇ ಹೇಳಿದಳು: "ಸಾಹೇಬನ ಕಾಲು ತೊಳೆಸಿದೆಯಂತೆ, ಭಾರೀ ಆಯ್ತು. ನಿನ್ನ ಗಂಡ ಗದ್ದೆ ಕೆಸರಲ್ಲೇ ಬಂದು ಹಾಸಿಗೆ ಮೇಲೆ ಮಲಗಿದ್ದಾನೆ, ಹೋಗು, ಅವನದ್ದು ತೊಳೆಸು ನೋಡುವ!"