ವಸ್ತಾದ ಉಳಿಸಿಕೊಂಡ ಪಟ್ಟು

ಒಂದಾನೊಂದು ಊರಲ್ಲಿ ಒಂದು ಗರಡಿ ಮನೆ ಇತ್ತಂತೆ. ಊರಿನ ಹೆಸರು ಕೇಳಬೇಡಿ, ನನಗೆ ಈ ಕಥೆ ಹೇಳಿದ ಮುದುಕಿಗೂ ಗೊತ್ತಿರಲಿಲ್ಲ. ನಗುವ ಕಥೆ ಬೇಕು ಅನ್ನುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. ಕೂತವರು ಮಾತ್ರ ನಡುನಡುವೆ ಹೂಂಗುಟ್ಟಬೇಕು.

ಆ ಗರಡಿಗೆ ಮೀರಾಸಾಬ ಅಂತ ಒಬ್ಬ ವಸ್ತಾದ. ವಸ್ತಾದ ಅಂದರೆ ಕುಸ್ತಿ ಕಲಿಸುವ ಗುರು. ಅವನ ಹತ್ತಿರ ಎಷ್ಟೋ ಜನ ಬಂದರು, ಎಷ್ಟೋ ಜನ ಹೋದರು, ಕೊನೆಗೆ ನಿಂತವರು ಇಬ್ಬರೇ. ಒಬ್ಬ ಲಗಮಣ್ಣ, ಇನ್ನೊಬ್ಬ ಬಾಳಪ್ಪ. ಲಗಮಣ್ಣನಿಗೆ ಹಿಂದೆ ಮುಂದೆ ಯಾರೂ ಇಲ್ಲ, ಗರಡಿಯೇ ಅವನ ಮನೆ. ಬಾಳಪ್ಪನಿಗೆ ಒಂದು ತುಂಡು ಹೊಲ, ಸತ್ಯವ್ವ ಅನ್ನುವ ಹೆಂಡತಿ. ಇಬ್ಬರೂ ಬೆಳಗಾಗುವ ಮುಂಚೆ ಎದ್ದು, ಕಣದ ಕೆಮ್ಮಣ್ಣು ಅಗೆದು, ಎಣ್ಣೆ ಮಜ್ಜಿಗೆ ಹಾಕಿ ಹದ ಮಾಡಿ, ಅದೇ ಮಣ್ಣಲ್ಲಿ ಬಿದ್ದು ಹೊರಳಾಡುತ್ತಿದ್ದರಂತೆ. ಲಗಮಣ್ಣ ಪಟ್ಟು ಹಾಕಿದರೆ ಬಾಳಪ್ಪ ಬಿಡಿಸಿಕೊಳ್ಳುವನು. ಬಾಳಪ್ಪ ಪಟ್ಟು ಹಾಕಿದರೆ ಲಗಮಣ್ಣ ಬಿಡಿಸಿಕೊಳ್ಳುವನು. ಒಬ್ಬನ ಮೈ ಇನ್ನೊಬ್ಬನಿಗೆ ತನ್ನ ಅಂಗೈಯಷ್ಟೇ ಪರಿಚಯ. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದು ತಿನ್ನುವರು.

ಮೀರಾಸಾಬ ಸೋತವನನ್ನು ಬಯ್ಯುವವನಲ್ಲ. ಸೋಲುವುದೂ ಕುಸ್ತಿಯೇ ಅನ್ನುತ್ತಿದ್ದ. ಆದರೆ ಯಾವನಾದರೂ ಬೇಕಂತಲೇ ಕೈ ಸಡಿಲ ಬಿಟ್ಟನೋ, ಬೆತ್ತ ತಗೊಂಡು ಬೆನ್ನು ಸುಲಿದುಬಿಡುತ್ತಿದ್ದ. "ಸುಳ್ಳ ಸೋತವ ಮಣ್ಣಿಗೆ ಮೋಸ ಮಾಡಿದಂಗ" ಅನ್ನುವುದು ಅವನ ಮಾತು. ಹಾಗಾಗಿ ಆ ಗರಡಿಯಲ್ಲಿ ಕೈ ಬಿಡುವುದು ಹೇಗಿರುತ್ತದೆ ಅಂತ ಯಾರೂ ಯಾರಲ್ಲೂ ಕಂಡಿರಲಿಲ್ಲ.

ಹೀಗಿರುವಾಗ ರಾಜ ಕುಸ್ತಿ ಇಡಿಸಿದ. ಲಗಮಣ್ಣ ಹೋದ, ಅರಮನೆಯ ಪೈಲ್ವಾನನನ್ನೇ ಎತ್ತಿ ಒಗೆದು ಬೆನ್ನು ಮಣ್ಣಿಗೆ ಹತ್ತಿಸಿದ. ರಾಜ ಅವನ ಕೈಗೆ ಬೆಳ್ಳಿ ಕಡಗ ತೊಡಿಸಿದ. ಆ ಕಡಗಕ್ಕೊಂದು ಕಟ್ಟಳೆ ಇತ್ತು. ತೊಟ್ಟವನಿಗೆ ಅರಮನೆಯ ಹಾಲು, ತುಪ್ಪ, ಬಾದಾಮಿ. ಸೋತ ದಿನ ಕಡಗ ಬಿಚ್ಚಿಟ್ಟು, ಉಟ್ಟ ಬಟ್ಟೆಯಲ್ಲೇ ರಾಜ್ಯದ ಗಡಿ ದಾಟಬೇಕು, ಮತ್ತೆ ಆ ಕಡೆ ತಲೆ ಹಾಕಬಾರದು. ಸೋತ ಮುದಿ ಪೈಲ್ವಾನ ಗಂಟುಮೂಟೆ ಇಲ್ಲದೆ ನಡೆದುಹೋದದ್ದನ್ನು ಲಗಮಣ್ಣ ಕಣ್ಣಾರೆ ನೋಡಿದ. ಅವತ್ತಿನಿಂದ ಅವನಿಗೆ ಉಂಡದ್ದು ಮೈಗೆ ಹತ್ತಿತು, ಮನಸ್ಸಿಗೆ ಹತ್ತಲಿಲ್ಲ.

ಬಡಗಣದಿಂದ ಒಬ್ಬ ಬಂದ, ಬಿದ್ದ. ತೆಂಕಣದಿಂದ ಒಬ್ಬ ಬಂದ, ಬಿದ್ದ. ಸಮುದ್ರದ ಕಡೆಯಿಂದ ಬಂದವನು ಸಲಾಮಿ ಹೊಡೆಯುವ ಮೊದಲೇ ಅರ್ಧ ಬಿದ್ದಿದ್ದ. ಹಲಗೆ ವಾದ್ಯ ಬಡಿಯುವವರು ಲಗಮಣ್ಣನ ಹೆಸರು ಕೂಗಿ ಕೂಗಿ ಗಂಟಲು ಹರಿದುಕೊಂಡರು. ಎಲ್ಲಾ ಸರಿ. ಆದರೆ ಗರಡಿಯವರಲ್ಲಿ ಒಂದು ನಂಬಿಕೆ ಇತ್ತಂತೆ. ಯಾವ ವಸ್ತಾದನೂ ಕಲಿಸುವುದನ್ನೆಲ್ಲಾ ಕಲಿಸುತ್ತಾನೆ, ಒಂದು ಪಟ್ಟನ್ನು ಮಾತ್ರ ತನ್ನ ಹತ್ತಿರ ಉಳಿಸಿಕೊಳ್ಳುತ್ತಾನೆ. ಸಾಯುವಾಗ ಅದನ್ನು ಒಬ್ಬ ಶಿಷ್ಯನ ಕಿವಿಯಲ್ಲಿ ಹೇಳುತ್ತಾನೆ. ಅದನ್ನು ಹಾಕಿದರೆ ಬಿಡಿಸಿಕೊಳ್ಳುವವನು ಇನ್ನೂ ಹುಟ್ಟಿಲ್ಲ.

ಲಗಮಣ್ಣನ ತಲೆಗೆ ಆ ಪಟ್ಟು ಹೊಕ್ಕಿತು. ಹೊಕ್ಕದ್ದು ಹೊರಗೆ ಬರಲಿಲ್ಲ.

ಮೊದಲನೇ ಸಲ ಹಣ್ಣಿನ ಬುಟ್ಟಿ ಹೊತ್ತು ಹೋಗಿ ಕೇಳಿದ. "ವಸ್ತಾದ್ರ, ಆ ಪಟ್ಟು ನನಗ ಕಲಿಸ್ರಿ." ಮೀರಾಸಾಬ ನಕ್ಕುಬಿಟ್ಟ. ಎರಡನೇ ಸಲ ಶಾಲು ತಂದು ಹೊದಿಸಿ ಕೇಳಿದ. ಮೀರಾಸಾಬ ಸಿಟ್ಟಾಗಿ ಶಾಲು ತೆಗೆದು ಕಟ್ಟೆಯ ಮೇಲೆ ಒಗೆದ. ಮೂರನೇ ಸಲ ಕಾಲ ಮೇಲೆ ತಲೆಯಿಟ್ಟು ಕೇಳಿದ. ಆಗ ಮುದುಕ ಕಣ್ಣೀರು ಹಾಕಿದನಂತೆ.

"ಎಲ್ಲಾ ನಿಮ್ಮಿಬ್ಬರಿಗೆ ಕೊಟ್ಟೀನೋ ಮಗನ. ನನ್ನ ಕಡೆ ಏನೂ ಉಳದಿಲ್ಲ. ಬರೇ ಮುದಕ ಉಳದೀನಿ."

ನಂಬಬೇಕಿತ್ತು. ನಂಬಲಿಲ್ಲ. ಅತ್ತದ್ದು ಯಾಕೆ, ಬಚ್ಚಿಡುವುದಕ್ಕೇ ಅತ್ತ ಅಂದುಕೊಂಡ. ಅರಮನೆಯ ಹಾಲು ಕುಡಿದವನ ಬುದ್ಧಿ ನೋಡಿ!

ಮೀರಾಸಾಬ ಹಾಸಿಗೆ ಹಿಡಿದ. ಬಾಳಪ್ಪ ಹೊಲ ಬಿಟ್ಟು ಬಂದು ಅವನ ಮೈ ಒರೆಸಿದ, ಗಂಜಿ ಕುಡಿಸಿದ. ಸುದ್ದಿ ಮುಟ್ಟಿ ಲಗಮಣ್ಣ ಓಡಿ ಬರುವ ಹೊತ್ತಿಗೆ ಬಾಗಿಲಲ್ಲೇ ಏನು ನೋಡಿದ? ಮುದುಕನ ಬಾಯಿ ಬಾಳಪ್ಪನ ಕಿವಿಯ ಹತ್ತಿರ. ತುಟಿ ಅಲ್ಲಾಡಿತು, ನಿಂತಿತು. ಅಷ್ಟರಲ್ಲಿ ಜೀವ ಹೋಗಿತ್ತು.

ಮಣ್ಣು ಮಾಡಿ ಬಂದರು. ದಾರಿಯಲ್ಲಿ ಲಗಮಣ್ಣ ತಡೆಯಲಾರದೆ ಕೇಳಿದ.

"ಏನ್ ಹೇಳಿದ್ರೋ ನಿನ್ನ ಕಿವಿಯೊಳಗ?"

"ಲಗಮಾ ಉಂಡಾನೇನು ಅಂತ ಕೇಳಿದ್ರು."

"ಅಷ್ಟನಾ?"

"ಅಷ್ಟ." ಬಾಳಪ್ಪ ಅಂಗಿಯ ತೋಳಲ್ಲಿ ಮುಖ ಒರೆಸಿಕೊಂಡ. "ಬಾ, ಸತ್ಯಾ ರೊಟ್ಟಿ ಬಡದಾಳ."

ಲಗಮಣ್ಣ ಉಣ್ಣಲು ಹೋಗಲಿಲ್ಲ. ಹಸಿವಿಲ್ಲ ಅಂದು ಅರಮನೆಯ ದಾರಿ ಹಿಡಿದ.

ಊರಿಗೆ ಇಷ್ಟು ಸಿಕ್ಕರೆ ಸಾಕಲ್ಲ. ಬಾವಿಕಟ್ಟೆಯಲ್ಲಿ ಒಬ್ಬಳು ಅಂದಳು, ಸಂತೆಯಲ್ಲಿ ಇನ್ನೊಬ್ಬ ಅಂದ. ಬಾಳಪ್ಪನಿಗೆ ಪಟ್ಟು ಸಿಕ್ಕಿತಂತೆ, ಲಗಮಣ್ಣನಿಗೆ ತಪ್ಪಿತಂತೆ. ಅಂತೆ ಅಂತೆ ಅನ್ನುತ್ತಾ ಅದು ರಾಜನ ಕಿವಿಗೂ ಬಿತ್ತು. ರಾಜನಿಗೆ ಮಾಡಲು ಬೇರೆ ಕೆಲಸವೂ ಇರಲಿಲ್ಲ ಅಂತ ಕಾಣುತ್ತದೆ. "ಇಬ್ಬರನ್ನೂ ಕಣಕ್ಕಿಳಿಸಿ. ಪಟ್ಟು ಇದ್ದವನು ನನ್ನ ಪೈಲ್ವಾನ. ಕಡಗ ತೊಟ್ಟವನು ಸೋತರೆ ಕಟ್ಟಳೆಯಂತೆ ಗಡಿ ದಾಟಲಿ" ಅಂತ ಡಂಗುರ ಸಾರಿಸಿದ.

ಬಾಳಪ್ಪ ಅರಮನೆಗೆ ಬಂದು ಗೆಳೆಯನ ಎದುರು ಕೂತ. "ನನಗ್ಯಾಕೋ ಅರಮನಿ? ನಾನು ಹೊಲ ಉತ್ತು ತಿನ್ನಾವ. ನೀ ಏನೂ ಹೆದರಬ್ಯಾಡ" ಅಂದ. ಅದಕ್ಕಿಂತ ಬಿಡಿಸಿ ಹೇಳುವ ಹಾಗಿರಲಿಲ್ಲ. ಹೇಳಿದ್ದರೆ ಲಗಮಣ್ಣ ಒಪ್ಪುವವನಲ್ಲ, ಸುಳ್ಳು ಗೆಲುವು ಬೇಡ ಅನ್ನುವವನೇ. ಲಗಮಣ್ಣನಿಗೆ ಕೇಳಿಸಿದ್ದೇ ಬೇರೆ. ಪಟ್ಟು ಕೈಯಲ್ಲಿರುವವನು ಅಲ್ಲವೇ ಹೀಗೆ ಧೈರ್ಯವಾಗಿ ಮಾತಾಡುವುದು ಅಂದುಕೊಂಡ.

ಕುಸ್ತಿಯ ದಿನ ಬಂತು. ಮರದ ಮೇಲೆ ಜನ, ಮಾಳಿಗೆ ಮೇಲೆ ಜನ. ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು, ಒಬ್ಬರ ಹೆಗಲಿಗೊಬ್ಬರು ಮಣ್ಣು ಸವರಿದರು, ತೊಡೆ ತಟ್ಟಿದರು. ಹಲಗೆ ಶುರುವಾಯಿತು. ಲಗಮಣ್ಣ ಪಟ್ಟು ಹಾಕಿದ, ಬಾಳಪ್ಪ ಬಿಡಿಸಿಕೊಂಡ. ಬಾಳಪ್ಪ ಪಟ್ಟು ಹಾಕಿದ, ಲಗಮಣ್ಣ ಬಿಡಿಸಿಕೊಂಡ. ಬಿಸಿಲು ಏರಿತು, ಬಿಸಿಲು ಇಳಿಯಿತು. ಲಗಮಣ್ಣನಿಗೆ ಒಂದೇ ಕಾವಲು, ಅದು ಈಗ ಬರುತ್ತದೆ, ಈಗ ಬರುತ್ತದೆ.

ಆಗ ಬಾಳಪ್ಪನ ಕೈಯಲ್ಲಿ ಏನೋ ಆಯಿತು. ಸೊಂಟ ಹಿಡಿದ ಬೆರಳು ಬಿಚ್ಚಿಕೊಂಡವು, ಭುಜ ಇಳಿಯಿತು, ಮೈ ಹಗುರವಾಗಿ ಇವನ ಎದೆಗೆ ವಾಲಿತು. ಇಷ್ಟು ವರ್ಷದ ಜೋಡಿಯಲ್ಲಿ ಬಾಳಪ್ಪನ ಮೈ ಹೀಗೆ ಮಾಡಿದ್ದನ್ನು ಲಗಮಣ್ಣ ಕಂಡೇ ಇರಲಿಲ್ಲ. ಬಂತು! ಇದೇ ಪಟ್ಟು! ಹೆದರಿಕೆಯಲ್ಲಿ ಕಣ್ಣು ಕತ್ತಲಾಗಿ, ಹಾಕಲೇಬಾರದು ಅಂತ ಮೀರಾಸಾಬ ಆಣೆ ಹಾಕಿಸಿದ್ದ ಕತ್ತಿನ ಹಿಡಿತ ಹಾಕಿ ತಿರುಚಿಬಿಟ್ಟ. ಹಲಗೆಯ ಸದ್ದಿನಲ್ಲೂ ಆ ಸದ್ದು ಕೇಳಿಸಿತಂತೆ.

ಬಾಳಪ್ಪ ಮಣ್ಣಲ್ಲಿ ಬಿದ್ದಿದ್ದ. ಲಗಮಣ್ಣ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಕೈ ಬಿಟ್ಟಿದ್ನಲ್ಲೋ ಲಗಮಾ" ಅಂದ ಬಾಳಪ್ಪ. "ಗೊತ್ತಾಗ್ಲಿಲ್ಲೇನು?"

ಅಷ್ಟೇ. ಉಸಿರು ನಿಂತಿತು. ಹಲಗೆಯವರು ಇನ್ನೂ ಬಡಿಯುತ್ತಲೇ ಇದ್ದರು, ಅವರಿಗೇನು ಗೊತ್ತು.

ರಾಜ ಎದ್ದು ನಿಂತು ಚಪ್ಪಾಳೆ ತಟ್ಟಿದ. "ನೋಡಿದಿರಾ, ಪಟ್ಟು ಇವನ ಹತ್ತಿರ ಇತ್ತು!" ಜನವೂ ಹಾಗೇ ಕೂಗಿತು. ಲಗಮಣ್ಣ ಬಾಯಿ ಬಡಿದುಕೊಂಡ. ಪಟ್ಟು ಇಲ್ಲ, ಇರಲೇ ಇಲ್ಲ, ಅವನು ಸೋತುಕೊಡಲು ಬಂದಿದ್ದ, ನಾನು ಕೊಂದೆ ಅಂದ. ಜನ ಒಬ್ಬರ ಮುಖ ಒಬ್ಬರು ನೋಡಿ ಕಣ್ಣು ಹೊಡೆದರು. ಗುಟ್ಟು ಇದ್ದವನು ಇದೆ ಅನ್ನುತ್ತಾನೆಯೇ?

ಲಗಮಣ್ಣ ಕಡಗ ಕಿತ್ತು ರಾಜನ ಎದುರಿಗಿಟ್ಟ. ಸೋತವನು ಮಾತ್ರ ಬಿಚ್ಚುವ ಕಡಗ ಅದು, ರಾಜ ತಿರುಗಿ ತೊಡಿಸಿ ಕಳಿಸಿದ. ಸರಿ, ಸೋತೇ ಬಿಚ್ಚುತ್ತೇನೆ, ಯಾವನಾದರೂ ನನ್ನನ್ನು ಕೆಡವಿ ಈ ದೇಶದಿಂದ ಓಡಿಸಲಿ ಅಂತ ಕಣದಲ್ಲಿ ಹೋಗಿ ನಿಂತ. ಯಾರೂ ಬರಲಿಲ್ಲ. ಊರೂರು ತಿರುಗಿದ. ಒಂದು ಊರಲ್ಲಿ ಪೈಲ್ವಾನರು ಕೈಮುಗಿದು ತಾವಾಗೇ ಅಂಗಾತ ಮಲಗಿದರು, ಆ ಪಟ್ಟು ಮಾತ್ರ ಬ್ಯಾಡ್ರಿ ಅಂತ. ಇನ್ನೊಂದು ಊರಲ್ಲಿ ಅವನ ಹೆಸರು ಕೇಳಿಯೇ ಕಣ ಖಾಲಿಯಾಯಿತು. ಮತ್ತೊಂದು ಊರಲ್ಲಿ ಲಗಮಣ್ಣ ತಾನೇ ಮಣ್ಣಿಗೆ ಬೆನ್ನು ಹಚ್ಚಿ ಮಲಗಿಕೊಂಡು, "ಬರ್ರೋ, ಎದಿ ಮ್ಯಾಲೆ ಕೂಡ್ರಿ, ಸೋತೀನಿ" ಅಂತ ಕೂಗಿದ. ಅಲ್ಲಿಯವರು ಹಿಂದಕ್ಕೆ ಸರಿದು, ಪಟ್ಟು ಹಿಂಗ ಶುರು ಆಗ್ತದ ನೋಡ್ರಿ ಅಂದರಂತೆ.

ಹೀಗೆ ಅವನ ಕುಸ್ತಿ ಮುಗಿಯಿತು. ಬಿದ್ದು ಮುಗಿಯಲಿಲ್ಲ, ಮುಟ್ಟುವವರಿಲ್ಲದೆ ಮುಗಿಯಿತು. ತೋಳು ಸೊರಗಿತು, ಕಡಗ ಸಡಿಲಾಗಿ ಮೊಣಕೈವರೆಗೆ ಜಾರಾಡಿತು, ಕೂದಲು ಬೆಳ್ಳಗಾಯಿತು. ಇಡೀ ನಾಡಲ್ಲಿ ಅವನ ಮಾತನ್ನು ನಂಬುವ ಒಂದು ಜೀವವೂ ಇರಲಿಲ್ಲ. ಇದಕ್ಕಿಂತ ದೊಡ್ಡ ಒಂಟಿತನ ಉಂಟೇ ಹೇಳಿ? ಒಬ್ಬರಾದರೂ ನಂಬಲಿ, ಆಮೇಲೆ ಸಾಯುತ್ತೇನೆ ಅಂದುಕೊಂಡು ಒಂದು ದಿನ ಸತ್ಯವ್ವನ ಮನೆಗೆ ಹೋದ. ಅಷ್ಟು ವರ್ಷ ಆ ಹೊಸ್ತಿಲಿಗೆ ಕಾಲಿಟ್ಟಿರಲಿಲ್ಲ, ಮುಖ ಇರಲಿಲ್ಲ.

ಸತ್ಯವ್ವ ಜೋಳ ಬೀಸುತ್ತಿದ್ದಳು. ಬಯ್ಯಲಿಲ್ಲ. "ಬಾ ಅಣ್ಣಾ, ಕೂಡು" ಅಂದಳು. ಆ ಅಣ್ಣಾ ಅನ್ನುವ ಮಾತಿಗೇ ಅವನ ಕಣ್ಣಲ್ಲಿ ನೀರು ಬಂತು. ಕೂತು ಎಲ್ಲಾ ಹೇಳಿದ. ಪಟ್ಟು ಇರಲಿಲ್ಲ ತಂಗೀ, ವಸ್ತಾದರು ಏನೂ ಉಳಿಸಿಕೊಂಡಿರಲಿಲ್ಲ, ಬಾಳಪ್ಪ ನನಗೋಸ್ಕರ ಕೈ ಬಿಟ್ಟ, ನಾನು ಹೆದರಿ ಕೊಂದೆ.

ಬೀಸುಕಲ್ಲು ನಿಂತಿತು. ಸತ್ಯವ್ವ ಅವನ ಮುಖವನ್ನೇ ನೋಡಿದಳು, ಮತ್ತೆ ನೋಡಿದಳು. ನಾಡಿಗೆ ನಾಡೇ ನಂಬದ ಮಾತನ್ನು ಅವಳು ನಂಬಿದಳು.

"ಅಂಥಾ ಪಟ್ಟಿಗೆ ಬಿದ್ದ ನನ್ನ ಗಂಡ, ಇಲ್ಲಾಂದ್ರ ಅವನ್ನ ಕೆಡವಾವ್ರು ಯಾರು ಇದ್ರು ಅಂತ ಹೇಳ್ಕೋತ ಇಷ್ಟ ವರ್ಷ ತಡಕೊಂಡೆ. ಅದೊಂದು ಇತ್ತು ನನಗ" ಅಂದಳು. "ಏನೂ ಇಲ್ಲದ್ದಕ್ಕ ಕೊಂದ್ಯಾ ಅಣ್ಣಾ? ಏನೂ ಇಲ್ಲದ್ದಕ್ಕ?"

ಲಗಮಣ್ಣ ಅವಳ ಕಣ್ಣು ನೋಡಿದ. ಜೀವಮಾನವೆಲ್ಲಾ ಯಾರ ಹತ್ತಿರವೂ ಸಿಗದಿದ್ದ ನಂಬಿಕೆ ಅಲ್ಲಿತ್ತು. ಹಾಗೇ ಬಿಟ್ಟರೆ ಅದು ಅವಳನ್ನು ತಿಂದುಹಾಕುತ್ತಿತ್ತು.

"ಇಲ್ಲ ತಂಗೀ, ಸುಳ್ಳ ಹೇಳಿದೆ" ಅಂದ. "ಪಾಪ ಹಗುರಾಗ್ಲಿ ಅಂತ ಸುಳ್ಳ ಹೇಳಿದೆ. ಪಟ್ಟು ಇತ್ತು. ವಸ್ತಾದರ ಕಡಿಂದ ಕದ್ದು ಕಲ್ತಿದ್ದೆ. ಅದು ಇರದಿದ್ರ ಬಾಳಪ್ಪನ್ನ ಮುಟ್ಟಾಕ ನನ್ನ ಕೈಲೆ ಆಗತಿತ್ತೇನು?"

ಸತ್ಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹೂಂ ಅಂದಳು. ಮತ್ತೆ ಬೀಸಲು ಕೂತಳು. ಲಗಮಣ್ಣ ಎದ್ದು ಹೊರಟ. ಅವನು ಎಲ್ಲಿ ಹೋದ, ಎಲ್ಲಿ ಸತ್ತ, ಯಾರು ಮಣ್ಣು ಹಾಕಿದರು, ಯಾರಿಗೂ ಗೊತ್ತಿಲ್ಲ. ಅವನ ಬಾಯಿಂದಲೇ ಪಟ್ಟು ಇತ್ತು ಅಂತ ಬಂದ ಮೇಲೆ ಇಲ್ಲ ಅನ್ನುವವರು ಯಾರೂ ಉಳಿಯಲಿಲ್ಲವಂತೆ.

ಅವನ ದಾರಿ ಅತ್ತ ಹೋಯಿತು, ನಮ್ಮ ಕಥೆ ಇತ್ತ ನಿಂತಿತು. ಹೂಂಗುಟ್ಟಿದವರಿಗೆ ಒಳ್ಳೆಯ ನಿದ್ದೆ ಬರಲಿ, ಹೇಳಿದ ನನ್ನನ್ನು ಇನ್ನೇನೂ ಕೇಳಬೇಡಿ.