ಕವಂದಿಯ ನಾಲ್ಕು ಮೂಲೆ

ಸಂತಾನಬಾಯಿಯನ್ನು ಗುರು ಅಂತ ಯಾರೂ ಕರೆದಿಲ್ಲ. ಕರೆದಿದ್ದರೆ ಬೈಸಿಕೊಳ್ಳುತ್ತಿದ್ದರು.

ಆದರೆ ಹಳ್ಳದ ದಂಡೆಯ ಆ ಸಿದ್ದಿಯರ ಕೇರಿಯಲ್ಲಿ ಕವಂದಿ ಹೊಲಿಯುವವರೆಲ್ಲ ಅವಳ ಪಕ್ಕ ಕೂತೇ ಕಲಿತವರು. ಕವಂದಿ ಅಂದರೆ ಹಳೇ ಬಟ್ಟೆ ತುಂಡು ಸೇರಿಸಿ ಹೊಲಿದ ಕೌದಿ, ಅಷ್ಟೇ.

ಒಂದು ಮಧ್ಯಾಹ್ನ ಸಂತಾನಬಾಯಿಯ ಜಗುಲಿಗೆ ರೆಜಿನಾ ಬಂದಳು. ಹಿಂದೆ ಅವಳ ಪುಟ್ಟ ಮಗಳು ಮೋನಿ. ರೆಜಿನಾ ಚಿರತೆಚುಕ್ಕಿಯ ಎರಡು ಬಟ್ಟೆ ತಂದು ಸಂತಾನಬಾಯಿಯ ಮುಂದೆ ಎಸೆದಳು. ಒಂದು ದೊಡ್ಡದು, ಒಂದು ಚಿಕ್ಕದು.

"ಸಾಕಾಗಿ ಹೋಯ್ತು ಬಾಯಿ."

ದೊಡ್ಡದು ಅವಳದು. ಪಟ್ಟಣದಲ್ಲಿ ಉತ್ಸವ ನಡೆಸುವ ಸಾಹೇಬರು ಜೀಪು ತಂದಾಗಲೆಲ್ಲ ಅದನ್ನು ಸೊಂಟಕ್ಕೆ ಸುತ್ತಿ, ಮೇಲೆ ಸೊಪ್ಪು ಕಟ್ಟಿಕೊಂಡು ಕುಣಿಯಬೇಕು. ಸೀರೆ ಉಟ್ಟು ಕುಣಿತೀನಿ ಅಂದರೆ, ಸೀರೆಯವರನ್ನ ಜನ ದಿನಾ ನೋಡ್ತಾರೆ, ನಿಮ್ಮದೇ ಡ್ರೆಸ್ ಹಾಕಿ ಅನ್ನುತ್ತಾರೆ. ಚಿಕ್ಕದು ಈ ಸಲ ಮೋನಿಗಂತೆ.

"ಕುಣಿಯೋದು ಅಂದ್ರೆ ನನಗೆ ಪ್ರಾಣ ಬಾಯಿ. ಇದನ್ನ ಕಟ್ಕೊಂಡು ಕುಣಿಯೋಕೆ ನಾಚಿಕೆ. ಇಳಿದು ಬಂದ್ರೆ ಜನ ಕೂದಲು ಮುಟ್ಟಿ ನೋಡ್ತಾರೆ. ಯಾವ ದೇಶ ಅಂತಾರೆ. ಯಲ್ಲಾಪುರ ಅಂದ್ರೆ, ಅಬ್ಬಾ, ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ ಅಂತಾರೆ!"

"ನೀನೇನಂದೆ?"

"ನೀವೂ ಪರವಾಗಿಲ್ಲ ಅಂದೆ."

ಸಂತಾನಬಾಯಿ ನಕ್ಕಳು. ನಗುವುದಕ್ಕೂ ಅವಳಿಗೆ ಸುಸ್ತು.

"ನಮ್ಮ ಹಿರಿಯರನ್ನ ಆಫ್ರಿಕಾದಿಂದ ಹಡಗಲ್ಲಿ ತಂದರಂತಲ್ಲ, ಅವರು ಏನು ಉಟ್ಟಿದ್ದರು? ನಮ್ಮ ನಿಜವಾದ ಬಟ್ಟೆ ಯಾವುದು? ಗೊತ್ತಾದರೆ ಸಾಹೇಬರ ಮುಖಕ್ಕೇ ಹೇಳಿಬಿಡ್ತೀನಿ."

"ನಿನ್ನ ಮನೆ ಹಗ್ಗದ ಮೇಲೆ ಏನು ಒಣಗ್ತಾ ಇದೆ?"

"ಏನಿರುತ್ತೆ? ನನ್ನ ಸೀರೆ, ನನ್ನ ಗಂಡನ ಲುಂಗಿ, ಇವಳ ಯೂನಿಫಾರ್ಮು."

"ಹರಿದದ್ದು ಇದ್ದರೆ ತಾ. ಹೊಲಿಯೋಣ."

ಮಾರನೇ ದಿನ ರೆಜಿನಾ ಒಂದು ಗಂಟು ತಂದಳು. ಬಿಚ್ಚಿ, ಒಂದೊಂದೇ ತೆಗೆದು ಆಚೆ ಹಾಕತೊಡಗಿದಳು. ಈ ಸೀರೆ ಹೆಗಡೇರ ಮನೆಯವರು ಕೊಟ್ಟಿದ್ದು, ಬೇಡ. ಲುಂಗಿ ಸಂತೆಯದು. ಯೂನಿಫಾರ್ಮು ಸರ್ಕಾರದ್ದು. ಫ್ರಾಕು ಚರ್ಚಿನ ಸಿಸ್ಟರ್ ಕೊಟ್ಟಿದ್ದು. ಕೊನೆಗೆ ತೀರಿಹೋದ ಅವ್ವನ ಸೀರೆ ಒಂದೇ ಉಳಿಯಿತು. ಅದರ ಚೂರನ್ನು ನಟ್ಟನಡುವೆ ಇಟ್ಟು ಹೊಲಿಗೆ ಹಾಕಿದಳು.

ಸಂತಾನಬಾಯಿ ದಾರ ಎಳೆದು ಬಿಚ್ಚಿಬಿಟ್ಟಳು.

"ಅಂಚಿನಿಂದ ಹೊಲಿ. ಸುತ್ತ ಬರುತ್ತಾ ಬರುತ್ತಾ ನಡು ಮುಟ್ಟು."

"ನಡುವಿನಿಂದ ಹೊಲಿದರೇನು?"

"ನಡುವಿನಿಂದ ಹೊರಟರೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗಲ್ಲ. ನನಗೂ ಒಲೆ ಹಚ್ಚಬೇಕಲ್ಲ ಮಾರಾಯ್ತಿ."

"ಅಂಚಿಗೆ ಹಾಕೋಕೆ ನಮ್ಮದು ಅನ್ನೋ ಬಟ್ಟೆ ಎಲ್ಲಿದೆ ಬಾಯಿ?"

ಸಂತಾನಬಾಯಿ ಆಚೆ ಹಾಕಿದ ರಾಶಿಯನ್ನು ಕಾಲಿನಿಂದ ಇತ್ತ ತಳ್ಳಿದಳು.

"ಇದನ್ನೆಲ್ಲ ಉಟ್ಟು ಹರಿದವರು ಯಾರು?"

"ನಾವೇ."

"ಮತ್ತೆ?"

ದಿನವೂ ಕೂಲಿಯಿಂದ ಬಂದು ಇಬ್ಬರೂ ಹೊಲಿದರು. ಒಮ್ಮೆ ರೆಜಿನಾ ಸೂಜಿ ಹಿಡಿದೇ ನಿದ್ದೆ ಹೋದಳು. ಸಂತಾನಬಾಯಿ ಎಬ್ಬಿಸಲಿಲ್ಲ. ಅವಳ ಕೈಯಿದ್ದ ಜಾಗವನ್ನಷ್ಟೇ ಬಿಟ್ಟು ಸುತ್ತ ಹೊಲಿಯುತ್ತಾ ಹೋದಳು.

ಒಂದು ಸಂಜೆ ನಡು ಮುಟ್ಟಿತು. ಅವ್ವನ ಸೀರೆಯ ಚೂರು ಅಲ್ಲಿ ಕೂತಿತು.

"ಅಂತೂ ಮುಗೀತು," ಅಂದಳು ರೆಜಿನಾ.

"ಮುಗಿದಿಲ್ಲ. ಮೂಲೆಗೆ ಹೂವಿಲ್ಲ. ಬತ್ತಲೆ ಕವಂದಿಯನ್ನ ಮಗುವಿಗೆ ಹೊದಿಸ್ತೀಯ?"

ಕವಂದಿಯ ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ಚೂರು ಹಚ್ಚುತ್ತಾರೆ. ಅದೇ ಹೂವು. ಆದರೆ ಗಂಟಿನಲ್ಲಿ ಇನ್ನು ಬಟ್ಟೆ ಉಳಿದಿರಲಿಲ್ಲ.

"ಆ ಚಿರತೆ ಎಲ್ಲಿ?" ಅಂದಳು ಸಂತಾನಬಾಯಿ.

"ಅಯ್ಯೋ, ಅದು ಬೇಡ! ಅದು ಸುಳ್ಳು ಬಟ್ಟೆ. ಸುಟ್ಟು ಹಾಕ್ತೀನಿ."

"ಸುಡು. ಮೊದಲು ಒಂದ್ಸಲ ಮೂಸಿ ನೋಡು."

ರೆಜಿನಾ ದೊಡ್ಡದನ್ನು ಮೂಗಿಗೆ ಹಿಡಿದಳು.

"ಬೆವರು ವಾಸನೆ."

"ಯಾರದು?"

ರೆಜಿನಾಳಿಗೆ ಅಳು ಬಂತು. "ಇದನ್ನ ಕತ್ತರಿಸಿದರೆ ಸಾಹೇಬರು ಇನ್ನು ಕರೆಯಲ್ಲ ಬಾಯಿ. ನನ್ನ ಕುಣಿತ ಇಲ್ಲಿಗೇ ನಿಂತು ಹೋಗುತ್ತೆ."

ಸಂತಾನಬಾಯಿ ಕತ್ತರಿಯನ್ನು ಅವಳ ಮುಂದೆ ಇಟ್ಟು ಹಳ್ಳದ ಕಡೆ ತಿರುಗಿ ಕೂತಳು.

ಬಹಳ ಹೊತ್ತಾದ ಮೇಲೆ ಕತ್ತರಿಯ ಸದ್ದು ಕೇಳಿತು.

"ಚಿಕ್ಕದನ್ನೂ ಹಾಕಲಾ?"

"ಅದನ್ನ ಯಾರೂ ಉಟ್ಟಿಲ್ಲ. ಕವಂದಿಗೆ ಆಗಲ್ಲ." ಸಂತಾನಬಾಯಿ ಅದನ್ನು ಮಡಿಸಿ, ಅದರಲ್ಲೇ ಹಿಡಿದು ಒಲೆಯ ಮೇಲಿನ ಬಿಸಿ ಗಂಜಿಯ ಪಾತ್ರೆ ಇಳಿಸಿದಳು.

ಕೆಲವು ದಿನ ಬಿಟ್ಟು ಸಂತಾನಬಾಯಿಯ ಮನೆ ಮುಂದೆ ಜೀಪು ಬಂತು. ಸಾಹೇಬರು ಇಳಿಯುತ್ತಲೇ, "ಏನ್ರಮ್ಮಾ, ರೆಡಿನಾ? ಮಗಳೂ ಬರ್ತಾಳಲ್ಲ?" ಎಂದು ಜೋರಾಗಿ ಕೂಗಿದರು.

ರೆಜಿನಾ ಸೀರೆ ಉಟ್ಟು ನಿಂತಿದ್ದಳು.

"ಮಗಳು ಬರಲ್ಲ. ನಾನು ಬರ್ತೀನಿ, ಹೀಗೇ ಬರ್ತೀನಿ. ಬೇಕಾದರೆ ಕರೀರಿ, ಬೇಡದಿದ್ದರೆ ಬಿಡಿ."

"ಇದೊಳ್ಳೆ ಕಥೆ! ನಾನು ಕೊಟ್ಟ ಡ್ರೆಸ್ ಎಲ್ಲಿ? ಚಿಕ್ಕದೆಲ್ಲಿ?"

ರೆಜಿನಾ ಒಲೆಯ ಕಡೆ ನೋಡಿದಳು. ಅಲ್ಲಿ ಅದು ಮಸಿ ಹಿಡಿದು ಬಿದ್ದಿತ್ತು.

"ದೊಡ್ಡದು? ದೊಡ್ಡದೇನಾಯ್ತು?"

ಜಗುಲಿಯ ಮೂಲೆಯಲ್ಲಿ ಕೂತಿದ್ದ ಸಂತಾನಬಾಯಿ ಸೂಜಿಯಿಂದ ಕಣ್ಣೆತ್ತದೆ ಅಂದಳು:

"ಸ್ವಲ್ಪ ಮೆಲ್ಲಗೆ ಮಾತಾಡಿ ಸಾಹೇಬ್ರೆ. ಮಗು ಅದನ್ನ ಹೊದ್ದು ಈಗಷ್ಟೇ ಮಲಗಿದೆ."