ಬೂರುಗದ ಮರ ಮುಳ್ಳು ಉದುರಿಸಿದ್ದು

ನೆಲಕ್ಕೆ ಇನ್ನೂ ಹೊಸ ಮಣ್ಣಿನ ವಾಸನೆಯಿತ್ತು. ಹಳ್ಳಗಳು ಯಾವ ಕಡೆ ಹರಿಯಬೇಕೆಂದು ದಾರಿ ಕೇಳಿಕೊಂಡು ಹರಿಯುತ್ತಿದ್ದ ಕಾಲ ಅದು.

ಅಂಥ ಒಂದು ಹಳ್ಳದ ದಂಡೆಯಲ್ಲಿ ಬೂರುಗದ ಎರಡು ಸಸಿ ಹುಟ್ಟಿದವು, ಅಕ್ಕ ಮತ್ತು ತಂಗಿ. ಒಂದು ಬೆಳಗ್ಗೆ ಜಿಂಕೆ ಬಂತು. ಅಕ್ಕನನ್ನು ಮೂಸಿತು, ಕಚಕಚನೆ ತಿಂದು ಹೋಯಿತು.

ತಂಗಿ ನಡುಗಿಹೋಯಿತು. "ಭೂಮಿತಾಯೀ, ನನ್ನನ್ನು ಯಾರೂ ಮುಟ್ಟದ ಹಾಗೆ ಮಾಡು!"

ಭೂಮಿತಾಯಿ ಅದಕ್ಕೆ ಮೈತುಂಬ ಮುಳ್ಳು ಕೊಟ್ಟಳು. ಮರುದಿನ ಬಂದ ಜಿಂಕೆ ಮೂತಿ ಚುಚ್ಚಿಸಿಕೊಂಡು ಓಡಿತು. ಆಮೇಲೆ ಯಾರೂ ಹತ್ತಿರ ಸುಳಿಯಲಿಲ್ಲ.

ಮಳೆಗಾಲಗಳು ಬಂದವು, ಹೋದವು. ಬೂರುಗ ಬೆಳೆಯಿತು. ಮುಳ್ಳೂ ಬೆಳೆಯಿತು.

ಎದುರಿಗೊಂದು ಹೊಂಗೆ ಮರವಿತ್ತು. ಅಲ್ಲಿ ಬೆಳಗಾದರೆ ಸಾಕು, ಅಳಿಲುಗಳ ಕಿಚಿಕಿಚಿ. ಬೂರುಗಕ್ಕೆ ಕುತೂಹಲ ತಡೆಯಲಾಗಲಿಲ್ಲ.

"ಗಾಳಿಯಣ್ಣಾ, ಅವರು ದಿನವೆಲ್ಲ ಏನು ಮಾತಾಡ್ತಾರೆ?"

"ಅದು ದೂರಕ್ಕೆ ಹೇಳೋ ಮಾತಲ್ಲ ತಂಗೀ. ಹತ್ತಿರ ಕೂತವರಿಗಷ್ಟೇ ಕೇಳಿಸುತ್ತೆ," ಎಂದು ಗಾಳಿ ಹೊರಟುಹೋಯಿತು.

ಒಂದು ಮಳೆಗಾಲ ಹಳ್ಳ ದಾರಿ ಕೇಳುವುದನ್ನೇ ಮರೆಯಿತು. ಉಕ್ಕಿ ಬಂದ ನೀರಿಗೆ ಹೊಂಗೆ ಬುಡಸಮೇತ ಉರುಳಿತು. ಅಳಿಲಮ್ಮ ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಈಚೆ ನೆಗೆದಳು. ನೀರು ಹಿಂದೆಯೇ ಬಂತು. ಸುತ್ತ ಇದ್ದದ್ದು ಬೂರುಗ ಒಂದೇ.

ಅಳಿಲಮ್ಮ ಹತ್ತಿದಳು, ಜಾರಿದಳು. ಮತ್ತೆ ಹತ್ತಿದಳು, ಮತ್ತೆ ಜಾರಿದಳು. ಮರಿಯನ್ನು ಬೇರಿನ ಮೇಲಿಟ್ಟು ಏದುಸಿರು ಬಿಟ್ಟಳು.

"ಅಕ್ಕಾ, ನಾನು ಹೇಗಾದರೂ ಈಜಿಕೊಳ್ತೀನಿ. ಇವನಿಗೆ ಮಾತ್ರ ಒಂಚೂರು ಜಾಗ ಕೊಡು."

ಬೂರುಗ ಬಗ್ಗಿ ನೋಡಿತು. ತನ್ನ ಮುಳ್ಳಿನ ತುದಿಯಲ್ಲಿ ಅವಳ ರಕ್ತ. ಮುಳ್ಳು ಚುಚ್ಚಿದರೆ ಹೀಗಾಗುತ್ತದೆಂದು ಅದು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಭೂಮಿತಾಯೀ, ಈ ಮುಳ್ಳು ತೆಗೆದುಬಿಡು!"

"ಕೊಡೋದು ನನ್ನ ಕೈಲಿತ್ತು. ಬಿಡೋದು ನಿನ್ನ ಕೈಲಿದೆ," ಎಂದಳು ಭೂಮಿತಾಯಿ. "ಒಮ್ಮೆ ಉದುರಿದ್ದು ಮತ್ತೆ ಬರೋದಿಲ್ಲ, ತಿಳೀತಾ?"

ಬೂರುಗಕ್ಕೆ ಜಿಂಕೆಯ ನೆನಪಾಯಿತು. ನೀರು ಮರಿಯ ಬಾಲ ಮುಟ್ಟಿತು.

ಬೂರುಗ ಉಸಿರು ಬಿಗಿಹಿಡಿದು ಒಂದು ಮುಳ್ಳು ಸಡಿಲಿಸಿತು. ಉರಿಯಿತು. ಇನ್ನೊಂದು ಸಡಿಲಿಸಿತು. ಟಪ್, ಟಪ್, ಮುಳ್ಳುಗಳು ನೀರಿಗೆ ಬಿದ್ದವು. ಅಳಿಲಮ್ಮ ಮರಿಯನ್ನು ಕಚ್ಚಿಕೊಂಡು, ಬರಿದಾದ ಜಾಗದಲ್ಲಿ ಕಾಲೂರುತ್ತಾ ಸರಸರನೆ ಮೇಲಿನ ಕವಲಿಗೆ ಏರಿದಳು.

ಪುಟ್ಟ ಪುಟ್ಟ ಕಾಲು ಮೈಮೇಲೆ ಓಡಿದರೆ ಹೇಗಿರುತ್ತದೆಂದು ಬೂರುಗಕ್ಕೆ ಗೊತ್ತೇ ಇರಲಿಲ್ಲ. ಕಚಗುಳಿಯಾಗಿ ಅದರ ಎಲೆ ಎಲೆಯೂ ನಕ್ಕಿತು.

ನೀರಿಳಿದು ಬಿಸಿಲೇರಿದ ಮೇಲೆ ಜಿಂಕೆಯೂ ಬಂತು. ಬೂರುಗ ಹೆದರಿ ಕೆಳಗೆ ನೋಡಿತು. ಅರೆ, ಜಿಂಕೆ ಇಷ್ಟು ಚಿಕ್ಕದೇ? ಪಾಪ, ಬಿಸಿಲಿಗೆ ಬಳಲಿತ್ತು. ಬುಡಕ್ಕೆ ಬೆನ್ನು ಒರಗಿಸಿ ಕಣ್ಣು ಮುಚ್ಚಿತು. ಅದಕ್ಕೆ ಚುಚ್ಚೀತೆಂದು ಬೂರುಗ ಆ ಕಡೆಯ ಮುಳ್ಳನ್ನೂ ಉದುರಿಸಿತು. ಮುಂದಿನ ವರ್ಷ ಜೇನಿಗಾಗಿ, ಅದರ ಮುಂದಿನ ವರ್ಷ ಮರಕುಟಿಗನಿಗಾಗಿ ಇನ್ನಷ್ಟು ಉದುರಿಸಿತು.

ಬೂರುಗದ ಬೀಜ ಬಿದ್ದಲ್ಲಿ ಸಸಿಗಳೆದ್ದವು, ಮೈತುಂಬ ಮುಳ್ಳು.

"ಅಕ್ಕಾ, ಮುಳ್ಳು ಉದುರಿಸಿ ಅಂತ ಇವಕ್ಕೂ ಬುದ್ಧಿ ಹೇಳಬಾರದೇ?" ಎಂದಳು ಅಳಿಲಮ್ಮ.

"ಬೇಡ ಕಣಮ್ಮ. ಅವಕ್ಕಿನ್ನೂ ಭಯವಿದೆ, ಭಯಪಡೋ ವಯಸ್ಸೇ ಅದು. ಬೆಳೀಲಿ, ತಾವೇ ಬಿಡ್ತಾವೆ."

ಅದಕ್ಕೇ ಮಗು, ಎಳೆಯ ಬೂರುಗವನ್ನು ಮುಟ್ಟಿದರೆ ಇಂದಿಗೂ ಕೈಗೆ ಚುಚ್ಚುತ್ತದೆ. ಹಳೆಯ ಬೂರುಗದ ಬುಡವನ್ನಾದರೆ ನೀನು ಎರಡೂ ಕೈಯಿಂದ ತಬ್ಬಿಕೊಳ್ಳಬಹುದು.